ಬಸರಿ ಪಾತ್ರ ಬೇಕು, ಬಸರಿ ನಟಿ ಬೇಡ್ವಾ? ಸೀರಿಯಲ್ ಮಾಡೋರಿಗೆ ಒಂದು ಬಹಿರಂಗ ಪತ್ರ

ಕನ್ನಡ ಚಾನೆಲ್‌ಗಳ ಫಿಕ್ಷನ್ ಹೆಡ್‌ಗಳಿಗೆ, ಪ್ರೊಡ್ಯೂಸರ್‌ಗಳಿಗೆ, ಡೈರೆಕ್ಟರ್‌ಗಳಿಗೆ, ನಾಳೆ ಬೆಳಿಗ್ಗೆ ಶೂಟ್ ಆಗೋ ಸೀನನ್ನ ಇವತ್ತು ರಾತ್ರಿ ಕೂತು ಬರೆಯೋ ರೈಟರ್‌ಗಳಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರ್ತೀನಿ. ನಿಮ್ಮ ಸೀರಿಯಲ್‌ಗಳಲ್ಲಿ ಸೊಸೆ ಬಸರಿ ಆಗೋದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ. ಅವಳು ತಲೆ ಸುತ್ತಿ ಬೀಳ್ಬೇಕು, ಡಾಕ್ಟ್ರು ನಾಡಿ ಹಿಡ್ದು ನಗ್ಬೇಕು, ಅತ್ತೆ ಮುಖದ ಮೇಲೆ ಮೂರು ಸಲ ಝೂಮ್ ಆಗ್ಬೇಕು, ಆಮೇಲೆ ಬಿಡಿ, ಬಯಕೆ ಅಂತ ಮಾವಿನಕಾಯಿ, ಹಸಿರು ಬಳೆ, ಸೀಮಂತಕ್ಕೆ ಒಂದೂವರೆ ಗಂಟೆ ಮಹಾಸಂಚಿಕೆ, ಮಧ್ಯದಲ್ಲಿ ವಿಲನ್ ನಾದಿನಿ ಮೆಟ್ಟಿಲಿಗೆ ಎಣ್ಣೆ ಸುರಿಯೋದು. ಟಿಆರ್‌ಪಿ ಚೆನ್ನಾಗೇ ಬರತ್ತೆ, ನಾವೂ ಬೈಕೊಂಡೇ ನೋಡ್ತೀವಿ. ಆದ್ರೆ ಆ ಪಾತ್ರ ಮಾಡೋ ಹುಡುಗಿ ನಿಜವಾಗ್ಲೂ ಬಸರಿ ಆದ್ಲು ಅಂದ್ಕೊಳ್ಳಿ, ಆಗ ಕಥೆನೇ ಬೇರೆ. ಒಂದಿನ ಸ್ಕ್ರೀನ್ ಕೆಳಗೆ ಒಂದು ಪಟ್ಟಿ ಓಡತ್ತೆ, ಇನ್ಮುಂದೆ ಈ ಪಾತ್ರದಲ್ಲಿ ಇಂಥೋರು ಕಾಣಿಸ್ಕೊಳ್ತಾರೆ ಅಂತ. ಇಲ್ಲಾಂದ್ರೆ ಕಾರ್ ಆಕ್ಸಿಡೆಂಟ್, ಮುಖಕ್ಕೆ ಬ್ಯಾಂಡೇಜು, ಬಿಚ್ಚಿದ್ರೆ ಹೊಸ ಹೀರೋಯಿನ್ನು. ದಿಂಬು ಕಟ್ಟಿದ ಹೊಟ್ಟೆಗೆ ಆರತಿ, ನಿಜವಾದ ಹೊಟ್ಟೆಗೆ ಗೇಟ್ ಪಾಸ್. ಇದು ಯಾವ ನ್ಯಾಯ ಸ್ವಾಮಿ?

ಎಲ್ಲರೂ ಹೀಗೇ ಮಾಡ್ತೀರಾ ಅಂತ ನಾನು ಹೇಳ್ತಿಲ್ಲ. ತಾವಾಗೇ ರೆಸ್ಟ್ ಬೇಕು ಅಂತ ಬಿಟ್ಟು ಹೋಗೋ ನಟಿಯರೂ ಇದಾರೆ, ಸೆರಗು ಅಡ್ಡ ಹಾಕಿ, ಸೋಫಾ ಹಿಂದೆ ನಿಲ್ಲಿಸಿ, ಬರೀ ಕ್ಲೋಸಪ್‌ನಲ್ಲೇ ನಾಲ್ಕು ತಿಂಗಳು ದಾಟಿಸಿರೋ ಒಳ್ಳೆ ಡೈರೆಕ್ಟರ್‌ಗಳೂ ಇದಾರೆ. ನಾನು ಕೇಳ್ತಿರೋದು ಅಡಗಿಸೋದು ಯಾಕೆ ಅಂತ. ಬರೀ ಕೇಳೋದಲ್ಲ, ಎಪ್ಪತ್ತು ವರ್ಷದ ಹಿಂದೆ ಅಡಗಿಸದೆ ಮಾಡಿ ಗೆದ್ದ ಒಬ್ಬಳು ನಟಿ ಕಥೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಮೀಟಿಂಗ್‌ಗಳಲ್ಲಿ ಜನ ಒಪ್ಪಲ್ಲ, ಸ್ಪಾನ್ಸರ್ ಒಪ್ಪಲ್ಲ, ಪ್ರಾಕ್ಟಿಕಲ್ ಅಲ್ಲ ಅಂತ ಬರೋ ಮೂರೂ ಮಾತು ಅವಳ ಮುಂದೇನೂ ಬಂದಿತ್ತು.

ಹೆಸರು ಲೂಸಿಲ್ ಬಾಲ್. ಅಮೆರಿಕದ ಟಿವಿಯ ಸಿಟ್‌ಕಾಮ್, ಅಂದ್ರೆ ಕಾಮಿಡಿ ಸೀರಿಯಲ್ ಅಂದ ತಕ್ಷಣ ಮೊದಲು ನೆನಪಾಗೋ ಮುಖ. ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಟೆಲಿಫೋನ್ ಲೈನ್ ಎಳೆಯೋ ಕೆಲಸದವ್ರು, ಇವಳಿಗೆ ಮೂರು ವರ್ಷ ಇದ್ದಾಗ ಟೈಫಾಯ್ಡ್ ಬಂದು ಹೋಗ್ಬಿಟ್ರು. ಬೆಳೆದಿದ್ದು ಅಜ್ಜ ಅಜ್ಜಿ ಮನೇಲಿ, ಹಾಡು ಕುಣಿತ ನಗೆಚಾಟಿಕೆ ಸ್ಟೇಜ್ ಶೋಗಳ ಹುಚ್ಚು ಹತ್ತಿಸಿದ್ದೂ ಅದೇ ಅಜ್ಜ. ಹದಿಹರೆಯದಲ್ಲಿ ನ್ಯೂಯಾರ್ಕ್ ಸಿಟಿಯ ಡ್ರಾಮಾ ಸ್ಕೂಲಿಗೆ ಸೇರಿದ್ರೆ ಅಲ್ಲಿ ಮುಂದೆ ದೊಡ್ಡ ಸ್ಟಾರ್ ಆದ ಬೆಟ್ಟಿ ಡೇವಿಸ್ ಥರದೋರ ಪಕ್ಕ ನಿಂತು ಬಾಯಿ ಬಿಡೋಕೂ ಹೆದರ್ತಿದ್ಲಂತೆ, ಈ ಹುಡುಗಿ ಕೈಲಿ ಆಗಲ್ಲ ಅಂತ ವಾಪಸ್ ಕಳಿಸಿದ್ರು. ಆಮೇಲೆ ಮಾಡೆಲಿಂಗು, ಮಧ್ಯೆ ಕೀಲುನೋವಿನ ಕಾಯಿಲೆ ಬಂದು ಬಹಳ ಕಾಲ ಮನೇಲಿ, 1933ರಲ್ಲಿ ಹಾಲಿವುಡ್, ಅಲ್ಲಿ ಹಿಂದೆ ಕುಣಿಯೋ ಹುಡುಗೀರಲ್ಲಿ ಒಬ್ಬಳು. ಸಿನಿಮಾ ಮೇಲೆ ಸಿನಿಮಾ ಮಾಡಿದ್ರೂ ದೊಡ್ಡ ಸ್ಟಾರ್ ಆಗ್ಲೇ ಇಲ್ಲ, ಸೆಕೆಂಡ್ ದರ್ಜೆ ಸಿನಿಮಾಗಳ ಮಹಾರಾಣಿ ಅಂತ ಒಂದು ಬಿರುದು ಸಿಕ್ತು ಅಷ್ಟೆ. ಅಂದಹಾಗೆ ಆ ಫೇಮಸ್ ಕೆಂಪು ಕೂದಲು ಅಸಲಿ ಅಲ್ಲ, ಬಣ್ಣ.

1940ರಲ್ಲಿ ಮದುವೆ ಆದ್ಲು, ತನಗಿಂತ ಆರು ವರ್ಷ ಚಿಕ್ಕವನನ್ನ, ಕ್ಯೂಬಾದಿಂದ ಬಂದ ಬ್ಯಾಂಡ್ ಲೀಡರ್ ಡೆಸಿ ಅರ್ನಾಜ್‌ನ. ಅವನು ಊರೂರು ಸುತ್ತಿ ಬ್ಯಾಂಡ್ ನುಡಿಸ್ತಿದ್ರೆ ಇವಳು ಶೂಟಿಂಗ್‌ನಲ್ಲಿ. ಹತ್ತು ವರ್ಷ ಸಂಸಾರ ಅಂದ್ರೂ ಒಟ್ಟಿಗೆ ಇದ್ದಿದ್ದು ಎಷ್ಟೋ ಏನೋ, ಅದ್ರ ಮಧ್ಯೆ ಗರ್ಭ ನಿಲ್ಲದ ಸಂಕಟ ಬೇರೆ. ರೇಡಿಯೋದಲ್ಲಿ ಇವಳ ಒಂದು ಕಾಮಿಡಿ ಶೋ ಕ್ಲಿಕ್ ಆದಾಗ ಸಿಬಿಎಸ್ ಚಾನೆಲ್‌ನೋರು ಅದನ್ನ ಟಿವಿಗೆ ತರೋಣ ಅಂದ್ರು, ಇವಳು ಮಾಡಿದ್ರೆ ನನ್ನ ಗಂಡನ ಜೊತೆನೇ ಮಾಡೋದು ಅಂದ್ಲು. ಅವನ ಇಂಗ್ಲಿಷ್ ಉಚ್ಚಾರಣೆ ಹಂಗಿದೆ, ಅಮೆರಿಕದ ಬಿಳಿ ಹೆಂಗಸು ಕ್ಯೂಬಾದವನ ಹೆಂಡ್ತಿ ಅಂದ್ರೆ ಜನ ನಂಬಲ್ಲ ಅಂತ ಅವರ ತಕರಾರು. ನಂಬೋಕೆ ಏನಿದೆ, ನಿಜವಾಗ್ಲೂ ಗಂಡ ಹೆಂಡ್ತಿ! ಇಬ್ರೂ 1950ರಲ್ಲಿ ಊರೂರಿಗೆ ಹೋಗಿ ಸ್ಟೇಜ್ ಮೇಲೆ ಒಟ್ಟಿಗೆ ಶೋ ಮಾಡಿ ಜನ ಬಿದ್ದು ಬಿದ್ದು ನಗೋದನ್ನ ತೋರಿಸಿದ್ರು.

ಈಗ ನಾನು ಹೇಳ್ಬೇಕಾಗಿರೋ ಭಾಗ. 1951ರ ಮಾರ್ಚ್‌ನಲ್ಲಿ ಪೈಲಟ್, ಅಂದ್ರೆ ಸ್ಯಾಂಪಲ್ ಸಂಚಿಕೆ ಶೂಟ್ ಆಗೋವಾಗ ಲೂಸಿಲ್ ಐದು ತಿಂಗಳ ಬಸರಿ. ದೊಗಳೆ ಬಟ್ಟೆ ಹಾಕ್ಸಿ ಶೂಟ್ ಮಾಡಿದ್ರು. ಜುಲೈ 17ಕ್ಕೆ ಮಗಳು ಹುಟ್ಟಿದ್ಲು, ಅಮ್ಮನಿಗೆ ಆಗ ಹತ್ತಿರ ಹತ್ತಿರ ನಲವತ್ತು. ಸೆಪ್ಟೆಂಬರ್‌ನಲ್ಲಿ ಸೆಟ್‌ಗೆ ವಾಪಸ್, ಅಕ್ಟೋಬರ್ 15ಕ್ಕೆ 'ಐ ಲವ್ ಲೂಸಿ' ಮೊದಲ ಸಂಚಿಕೆ ಪ್ರಸಾರ. ಇವತ್ತು ನಲವತ್ತಕ್ಕೆ ಹೀರೋಯಿನ್‌ಗೆ ಅತ್ತೆ ರೋಲ್ ಕೊಡ್ತೀರಲ್ಲ, ಆಯಮ್ಮನ ನಿಜವಾದ ಕರಿಯರ್ ಶುರುವಾಗಿದ್ದೇ ಆ ವಯಸ್ಸಲ್ಲಿ.

ಶೋ ನಂಬರ್ ಒನ್ ಆಯ್ತು. ಒಳ್ಳೆ ಓಟದಲ್ಲಿದ್ದಾಗ, 1952ರಲ್ಲಿ, ಮತ್ತೆ ಬಸರಿ. ಆ ಕಾಲದ ಅಮೆರಿಕದ ಟಿವಿ ಹೇಗಿತ್ತು ಅಂದ್ರೆ ಗಂಡ ಹೆಂಡ್ತಿಗೂ ಬೇರೆ ಬೇರೆ ಮಂಚ ತೋರಿಸ್ತಿದ್ರು, ಮಕ್ಕಳು ಹೇಗೆ ಆಗ್ತಾರೆ ಅನ್ನೋದು ದೇವರಿಗೇ ಪ್ರೀತಿ. ಇವರಿಗಿಂತ ಮೊದಲೇ, 1948ರಲ್ಲಿ, ಮೇರಿ ಕೇ ಸ್ಟರ್ನ್ಸ್ ಅನ್ನೋ ನಟಿ ಬಸುರನ್ನ ಅವರ ಸಿಟ್‌ಕಾಮ್ ಕಥೆಗೆ ಸೇರಿಸ್ಕೊಂಡಿದ್ರು ನಿಜ, ಆದ್ರೆ ಆಗ ಟಿವಿ ಇದ್ದ ಮನೆಗಳೇ ಕಮ್ಮಿ, ನೋಡಿದೋರು ಎಷ್ಟು ಜನ. ಇಲ್ಲಿ ಇಡೀ ದೇಶ ಸೋಮವಾರ ರಾತ್ರಿ ಟಿವಿ ಮುಂದೆ ಕೂತಿತ್ತು. ಡೆಸಿ ಹೋಗಿ ತಮ್ಮ ಪ್ರೊಡ್ಯೂಸರ್, ಮುಖ್ಯ ರೈಟರ್ ಜೆಸ್ ಓಪನ್‌ಹೈಮರ್‌ಗೆ ಹೇಳಿದ್ರೆ, ಶೋ ಮುಗೀತು ಅಂತ ತಲೆ ಮೇಲೆ ಕೈ ಹೊತ್ಕೊಳ್ಳೋದು ಬಿಟ್ಟು ಆ ಮನುಷ್ಯ ಒಳ್ಳೇದೇ ಆಯ್ತಲ್ಲ, ಲೂಸಿ ಪಾತ್ರಕ್ಕೂ ಮಗು ಆಗ್ಲಿ ಅಂದ. ರೈಟರ್ ಅಂದ್ರೆ ಹೀಗಿರ್ಬೇಕು. ಕಷ್ಟ ಬಂದಾಗ ಕಥೆ ಕಾಣ್ಬೇಕು.

ಚಾನೆಲ್‌ನೋರು, ಆಡ್ ಏಜೆನ್ಸಿಯೋರು ಮಾತ್ರ ಕಂಗಾಲು. ಕುರ್ಚಿ ಹಿಂದೆ ನಿಲ್ಲಿಸಿ, ಟೇಬಲ್ ಅಡ್ಡ ಇಟ್ಟು ಹೊಟ್ಟೆ ಕಾಣದಂಗೆ ತೆಗೀರಿ ಅಂದ್ರು. ಹೊಟ್ಟೆ ಬೆಳೆಯತ್ತಲ್ಲ ಸ್ವಾಮಿ, ಎಷ್ಟು ದೊಡ್ಡ ಟೇಬಲ್ ತರೋದು? ಡೆಸಿ ಸೀದಾ ಸ್ಪಾನ್ಸರ್‌ಗೇ, ಅಂದ್ರೆ ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಯ ದೊಡ್ಡ ಯಜಮಾನನಿಗೇ ಕಾಗದ ಬರೆದ, ಇಷ್ಟು ದಿನ ನಂಬರ್ ಒನ್ ಶೋ ಕೊಟ್ಟಿದ್ದು ನಾವು, ಈಗ ನಮ್ಮ ಮಾತು ಬೇಡ, ನೀವು ಹೇಳಿದ ಹಾಗೇ ಆಗ್ಲಿ ಅಂದ್ರೆ ಜವಾಬ್ದಾರಿನೂ ನಿಮ್ಮದೇ ಅನ್ನೋ ಅರ್ಥದಲ್ಲಿ. ಯಜಮಾನ ತನ್ನ ಜನಕ್ಕೆ ಒಂದು ಚೀಟಿ ಕಳಿಸಿದ, ಆ ಕ್ಯೂಬಾದೋನ ತಂಟೆಗೆ ಹೋಗ್ಬೇಡಿ ಅಂತ. ಅಸಲಿ ಮಾತು ಇನ್ನೂ ಒರಟಾಗಿದೆ, ಇಲ್ಲಿ ಬರೆಯೋ ಹಂಗಿಲ್ಲ. ಅಲ್ಲಿಗೆ ಎಲ್ಲರ ಬಾಯಿ ಬಂದ್.

ಆದ್ರೂ ಕಂಡೀಷನ್ ಇತ್ತು. 'ಪ್ರೆಗ್ನೆಂಟ್' ಅನ್ನೋ ಪದ ಬಾಯಿಂದ ಬರಂಗಿಲ್ಲ! ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಗುರು, ಮೂರೂ ಜನ ಸ್ಕ್ರಿಪ್ಟ್ ಓದಿ ಒಪ್ಪಿಗೆ ಕೊಡ್ಬೇಕು. ಒಂದು ಕಾಮಿಡಿ ಸೀರಿಯಲ್‌ಗೆ ಮೂರು ಜನ ಗುರುಗಳ ಸೆನ್ಸಾರು, ಯೋಚ್ನೆ ಮಾಡಿ. ಅವರೂ ಓದಿ ಇದ್ರಲ್ಲಿ ತಪ್ಪೇನಿದೆ ಅಂದ್ರು.

1952ರ ಡಿಸೆಂಬರ್ 8ಕ್ಕೆ ಬಂದ ಸಂಚಿಕೆ ಇದ್ಯಲ್ಲ, ಅದನ್ನ ದಯವಿಟ್ಟು ನಿಮ್ಮ ರೈಟರ್ಸ್ ರೂಮ್‌ನಲ್ಲಿ ಒಂದ್ಸಲ ಹಾಕಿ ನೋಡಿ. ಲೂಸಿಗೆ ಗೊತ್ತಾಗಿದೆ, ಗಂಡನಿಗೆ ಹೇಳ್ಬೇಕು, ಹೇಗೆ ಹೇಳ್ಬೇಕು ಅಂತ ಮನಸ್ಸಲ್ಲೇ ಕನಸು ಕಟ್ಕೊಂಡಿದಾಳೆ, ಅವನ ತೊಡೆ ಮೇಲೆ ಕೂತು ಕೊರಳಿಗೆ ಕೈ ಹಾಕಿ ಮೆಲ್ಲಗೆ ಹೇಳ್ಬೇಕು ಅಂತ. ಆದ್ರೆ ಬಾಯಿ ತೆಗೆದಾಗೆಲ್ಲ ಫೋನು, ಇಲ್ಲಾಂದ್ರೆ ಪಕ್ಕದ ಮನೆಯೋರು, ಇಲ್ಲಾಂದ್ರೆ ಅವನಿಗೇ ಏನೋ ಅರ್ಜೆಂಟು. ಕೊನೆಗೆ ಅವನು ಹಾಡೋ ಕ್ಲಬ್‌ಗೇ ಹೋಗ್ತಾಳೆ. ಅವನ ಕೈಗೆ ಹೆಸರಿಲ್ಲದ ಒಂದು ಚೀಟಿ ಹೋಗತ್ತೆ, ಇಲ್ಲಿರೋ ಒಬ್ಬ ಹೆಂಗಸು ತನ್ನ ಗಂಡನಿಗೆ ಮಗು ಆಗೋ ವಿಷಯ ಹೇಳ್ಬೇಕಂತೆ, ಅವರಿಗೋಸ್ಕರ ಒಂದು ಹಾಡು ಹೇಳಿ ಅಂತ. ಪಾಪ ಅವನಿಗೂ ಖುಷಿ, ಯಾರಪ್ಪ ಆ ಜೋಡಿ ಅಂತ ಜೋಗುಳ ಹಾಡ್ಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಹೋಗ್ತಾನೆ, ನೀವಾ? ಅಲ್ಲ. ನೀವಾ? ಅಲ್ಲ. ಹೋಗ್ತಾ ಹೋಗ್ತಾ ಹೆಂಡ್ತಿ ಕೂತಿರೋ ಟೇಬಲ್ಲು. ಅವಳು ನೋಡ್ತಾಳೆ, ಹೌದು ಅಂತ ತಲೆ ಆಡಿಸ್ತಾಳೆ. ಅವನಿಗೆ ಹಾಡು ಗಂಟಲಲ್ಲೇ ನಿಂತೋಗತ್ತೆ. ಸ್ಕ್ರಿಪ್ಟ್‌ನಲ್ಲಿ ಅಳು ಇರ್ಲಿಲ್ಲ, ಇಬ್ರಿಗೂ ನಿಜವಾಗ್ಲೇ ಕಣ್ಣಲ್ಲಿ ನೀರು ಬಂತು, ಅಷ್ಟು ವರ್ಷ ಮಕ್ಕಳಿಲ್ಲದೆ ಕಾದೋರಲ್ವಾ, ಆ ಟೇಕನ್ನೇ ಉಳಿಸ್ಕೊಂಡ್ರು. ನಿಮ್ಮ ಯಾವ ದಿಂಬಿನಿಂದ ಆ ಮುಖ ಬರತ್ತೆ ಹೇಳಿ? ಗ್ಲಿಸರಿನ್ ಹಾಕಿದ್ರೆ ನೀರು ಬರತ್ತೆ ಅಷ್ಟೆ.

ಆಮೇಲೆ ಹೆರಿಗೆ ಸಂಚಿಕೆ. ಅದನ್ನ ನವೆಂಬರ್‌ನಲ್ಲೇ ಶೂಟ್ ಮಾಡಿ ಇಟ್ಕೊಂಡಿದ್ರು. ಗಂಡ, ಪಕ್ಕದ ಮನೆ ಗಂಡ ಹೆಂಡ್ತಿ, ಮೂರೂ ಜನ ಆಸ್ಪತ್ರೆಗೆ ಹೊರಡೋ ರಿಹರ್ಸಲ್ ಮಾಡ್ತಾರೆ, ಒಬ್ಬರು ಫೋನ್, ಒಬ್ಬರು ಸೂಟ್‌ಕೇಸ್, ಒಬ್ಬರು ಕೋಟು, ಗಡಿಯಾರದ ಹಾಗೆ ಕರಾರುವಾಕ್ಕು. ಲೂಸಿ ಬಂದು ಟೈಮ್ ಆಯ್ತು ಅಂದಿದ್ದೇ ತಡ, ಸೂಟ್‌ಕೇಸ್ ಬಿಚ್ಕೊಂಡು ಬಟ್ಟೆ ಚೆಲ್ಲಾಪಿಲ್ಲಿ, ಒಬ್ಬರ ಮೇಲೊಬ್ಬರು ಬಿದ್ದು ಎದ್ದು ಬಾಗಿಲಿಂದ ಆಚೆ ಓಡ್ತಾರೆ, ಬಸರಿ ಹೆಂಗಸು ಮಾತ್ರ ಒಳಗೇ ನಿಂತಿದಾಳೆ! ಬಸುರು, ಹೆರಿಗೆ ಅಂದ್ರೆ ಅಳು, ಪಿತೂರಿ, ಮೆಟ್ಟಿಲು ಅಷ್ಟೇ ಅಲ್ಲ, ಹೀಗೆ ನಗಿಸ್ಲೂಬಹುದು ಅನ್ನೋದನ್ನ ನಮ್ಮ ರೈಟರ್‌ಗಳು ಯಾವಾಗ ನೋಡ್ತಾರೋ.

ಆ ಸಂಚಿಕೆ 1953ರ ಜನವರಿ 19, ಸೋಮವಾರ ರಾತ್ರಿ ಪ್ರಸಾರ ಆಯ್ತು. ಲೂಸಿಲ್‌ಗೆ ಸಿಸೇರಿಯನ್ ಮೊದಲೇ ಅದೇ ದಿನಕ್ಕೆ ಫಿಕ್ಸ್ ಆಗಿತ್ತು, ಬೆಳಿಗ್ಗೆ ನಿಜವಾದ ಮಗು, ರಾತ್ರಿ ಟಿವಿ ಮಗು. ಕಥೇಲಿ ಗಂಡು ಮಗು ಅಂತ ಮೊದಲೇ ಬರೆದು ಶೂಟ್ ಮಾಡಿದ್ರು, ಆಸ್ಪತ್ರೇಲೂ ಗಂಡೇ ಹುಟ್ಟಿತು. ನೋಡಿದೋರು 4 ಕೋಟಿ 40 ಲಕ್ಷ ಜನ, ಟಿವಿ ಇದ್ದ ಮನೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು. ಮರುದಿನ ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನ, ಅದನ್ನ ನೋಡಿದೋರು 2 ಕೋಟಿ 90 ಲಕ್ಷ. ಆ ಏಪ್ರಿಲ್‌ನಲ್ಲಿ 'ಟಿವಿ ಗೈಡ್' ಅನ್ನೋ ಪತ್ರಿಕೆ ದೇಶಕ್ಕೆಲ್ಲ ಅಂತ ಮೊದಲ ಸಂಚಿಕೆ ತಂದಾಗ ಮುಖಪುಟದಲ್ಲಿದ್ದಿದ್ದು ಆ ಕೂಸೇ. ಜನ ಒಪ್ಪಲ್ಲ, ಸ್ಪಾನ್ಸರ್ ಒಪ್ಪಲ್ಲ ಅಂತಿದ್ರಲ್ಲ, ಅದೇ ಸಿಗರೇಟ್ ಕಂಪನಿ ಹೆರಿಗೆ ಆಗಿ ತಿಂಗಳೊಳಗೆ 80 ಲಕ್ಷ ಡಾಲರ್‌ನ ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕ್ತು.

ಇನ್ನು ಪ್ರಾಕ್ಟಿಕಲ್ ಮಾತು. ಅವರು ವಾರಕ್ಕೊಂದು ಸಂಚಿಕೆ ಮಾಡ್ತಿದ್ರು, ನಾವು ವಾರಪೂರ್ತಿ ತುಂಬಿಸ್ಬೇಕು, ಮುಂಚೇನೇ ಶೂಟ್ ಮಾಡಿಟ್ಟಿರೋ ನಾಲ್ಕು ಎಪಿಸೋಡ್ ಕೈಲಿದ್ರೆ ಅದೇ ಪುಣ್ಯ ಅಂತೀರಿ. ಒಪ್ಕೊಂಡೆ, ಡೈಲಿ ಸೀರಿಯಲ್ ಕಷ್ಟ ಜಾಸ್ತಿನೇ. ಆದ್ರೆ ಬಸುರು ನಾಳೆ ಬೆಳಿಗ್ಗೆ ಬಂದು ಬಾಗಿಲು ತಟ್ಟೋ ವಿಷಯ ಅಲ್ಲ, ಐದಾರು ತಿಂಗಳು ಮುಂಚೇನೇ ಗೊತ್ತಿರತ್ತೆ, ಹೀರೋಗೆ ಸಿನಿಮಾ ಆಫರ್ ಬಂದು ದಿಢೀರ್ ಅಂತ ಕಾಲ್‌ಶೀಟ್ ಇಲ್ಲ ಅಂದಾಗ ನೀವು ಮ್ಯಾನೇಜ್ ಮಾಡಲ್ವಾ? ಬಿಸಿನೆಸ್ ಟ್ರಿಪ್ ಅಂತ ಕಳಿಸ್ತೀರಿ, ಕಿಡ್ನ್ಯಾಪ್ ಮಾಡಿಸ್ತೀರಿ, ಕೋಮಾದಲ್ಲಿ ಮಲಗಿಸ್ತೀರಿ, ನೆನಪಿನ ಶಕ್ತಿ ಕಳೀತೀರಿ. ನಮ್ಮಮ್ಮ ನೋಡೋ ಒಂದು ಸೀರಿಯಲ್‌ನಲ್ಲಿ ಮಾವ ಹಳ್ಳಿಗೆ ಜಮೀನು ನೋಡೋಕೆ ಅಂತ ಹೋದೋರು ಇನ್ನೂ ಬಂದಿಲ್ಲ, ಮನೆಯೋರು ಯಾರೂ ಕೇಳೋದೂ ಇಲ್ಲ. ಅಂಥದ್ರಲ್ಲಿ ಬಾಣಂತನಕ್ಕೆ ತವರಿಗೆ ಹೋಗೋದು ನಮ್ಮಲ್ಲಿ ಮೊದಲಿಂದ ಇರೋ ಪದ್ಧತಿ, ಸೊಸೆ ಮೂರು ತಿಂಗಳು ತವರಲ್ಲಿದಾಳೆ ಅಂದ್ರೆ ಯಾವ ವೀಕ್ಷಕಿನೂ ಲಾಜಿಕ್ ಕೇಳಲ್ಲ. ಆ ಗ್ಯಾಪಲ್ಲಿ ಓಡಿಸೋಕೆ ನಾದಿನಿ ಟ್ರ್ಯಾಕ್ ಹೇಗೂ ಇದ್ದೇ ಇದೆ.

ಲೂಸಿಲ್ ಬಾಣಂತನದಲ್ಲಿದ್ದಾಗ ಅವರು ಏನು ಮಾಡಿದ್ರು ಗೊತ್ತಾ? ಹಳೆ ಸಂಚಿಕೆಗಳನ್ನೇ ಮತ್ತೆ ಹಾಕಿದ್ರು. ಜನ ಅದನ್ನೂ ನೋಡಿದ್ರು. ಇವತ್ತು ಜಗತ್ತಿನ ಟಿವಿ ವ್ಯಾಪಾರ ಎಲ್ಲಾ ನಿಂತಿರೋ ಮರುಪ್ರಸಾರ ಇದ್ಯಲ್ಲ, ಅದ್ರಲ್ಲಿ ಎಷ್ಟು ದುಡ್ಡಿದೆ ಅಂತ ಕಣ್ಣು ತೆರೆಸಿದ್ರಲ್ಲಿ ಒಂದು ಬಾಣಂತನದ ಪಾಲೂ ಇದೆ. ಅದು ಸಾಧ್ಯ ಆಗಿದ್ದು ಯಾಕಂದ್ರೆ ಆ ಕಾಲದಲ್ಲಿ ಎಲ್ಲರೂ ನ್ಯೂಯಾರ್ಕ್‌ನಿಂದ ಲೈವ್ ಮಾಡ್ತಿದ್ರೆ ಇವರು ಹಠ ಹಿಡ್ದು ಹಾಲಿವುಡ್‌ನಲ್ಲೇ, ಎದುರಿಗೆ ನಿಜವಾದ ಪ್ರೇಕ್ಷಕರನ್ನ ಕೂರಿಸಿ, ಮೂರು ಕ್ಯಾಮೆರಾ ಇಟ್ಟು, 35 ಎಂಎಂ ಫಿಲ್ಮ್‌ನಲ್ಲಿ ಶೂಟ್ ಮಾಡಿದ್ರು. ಖರ್ಚು ಜಾಸ್ತಿ ಅಂತ ಚಾನೆಲ್ ಗೊಣಗಿದ್ದಕ್ಕೆ ವಾರಕ್ಕೆ 1000 ಡಾಲರ್ ಸಂಬಳ ಬಿಟ್ಕೊಟ್ರು, ಬದಲಿಗೆ ಆ ಫಿಲ್ಮ್‌ಗಳ ಮಾಲೀಕತ್ವ ತಮ್ಮ ಕಂಪನಿ ಡೆಸಿಲುಗೆ ಬರೆಸ್ಕೊಂಡ್ರು. ಚಾನೆಲ್‌ನೋರಿಗೆ ಅದು ಹಳೇ ರೀಲು, ಯಾರಿಗೆ ಬೇಕು ಅನ್ಸಿತ್ತು. ಕೆಲವೇ ವರ್ಷಕ್ಕೆ ಅದೇ ಚಾನೆಲ್ ಅದೇ ರೀಲುಗಳನ್ನ ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಂಡ್ಕೊಳ್ತು.

ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬೇಕು. ಲೂಸಿಲ್‌ನ ಯಾರೂ ತೆಗೆದು ಹಾಕ್ಲಿಲ್ಲ ಅಂದ್ರೆ ಅದು ಚಾನೆಲ್‌ನೋರ ದೊಡ್ಡತನ ಅಲ್ಲ, ತೆಗೆಯೋಕೆ ಆಗ್ತಿರ್ಲಿಲ್ಲ ಅಷ್ಟೆ. ಕಂಪನಿನೇ ಅವಳದ್ದು, ಅವಳ ಗಂಡನದ್ದು. ಅದೇ ಕಾಲದಲ್ಲಿ ಬರೀ ಸಂಬಳಕ್ಕೆ ದುಡೀತಿದ್ದ ನಟಿಯಾಗಿದ್ರೆ ಏನಾಗ್ತಿತ್ತು ಅಂತ ಊಹೆ ಮಾಡೋದು ಕಷ್ಟ ಅಲ್ಲ. ಸ್ಕ್ರೀನ್ ಮೇಲಿನ ಲೂಸಿ ಸಿನಿಮಾಗೆ ಸೇರ್ಬೇಕು, ಸ್ಟೇಜ್ ಹತ್ತಬೇಕು ಅಂತ ಒದ್ದಾಡೋ, ಗಂಡ ಬೇಡ ಬೇಡ ಅನ್ನೋ ಮನೆ ಹೆಂಗಸು, ಆ ಪಾತ್ರ ಮಾಡ್ತಿದ್ದೋಳು ಸ್ಟುಡಿಯೋ ಒಡತಿ. 1960ರಲ್ಲಿ ಡಿವೋರ್ಸ್ ಆಯ್ತು, ಅವನ ಕುಡಿತ, ಬೇರೆ ಹೆಂಗಸರ ಸಹವಾಸ ಎಲ್ಲಾ ಸೇರಿ. 1962ರಲ್ಲಿ ಅವನ ಪಾಲನ್ನೂ ಕೊಂಡ್ಕೊಂಡು ಇಡೀ ಸ್ಟುಡಿಯೋನ ತಾನೇ ನಡೆಸಿದ್ಲು, ಬಾಹ್ಯಾಕಾಶದ ಸೀರಿಯಲ್ 'ಸ್ಟಾರ್ ಟ್ರೆಕ್' ಮೊದಲು ತಯಾರಾಗಿದ್ದು ಆಯಮ್ಮನ ಸ್ಟುಡಿಯೋದಲ್ಲೇ, 1967ರಲ್ಲಿ ಮಾರಿದಾಗ ಬಂದಿದ್ದು 1 ಕೋಟಿ 70 ಲಕ್ಷ ಡಾಲರ್. ನಟನೇನೂ ಬಿಡ್ಲಿಲ್ಲ, 1974ರವರೆಗೂ ವಾರವಾರ ಟಿವೀಲಿ ಬಂದ್ಲು. 1986ರಲ್ಲಿ ಎಪ್ಪತ್ತೈದರ ವಯಸ್ಸಲ್ಲಿ ಮತ್ತೊಂದು ಸಿಟ್‌ಕಾಮ್ ಮಾಡಿ ಅದು ನೆಲಕಚ್ಚಿ ತುಂಬಾ ನೊಂದ್ಕೊಂಡ್ಲು, 1989ರಲ್ಲಿ ತೀರ್ಕೊಂಡ್ಲು.

ನಮ್ಮ ಹುಡುಗೀರಿಗೆ ಸ್ಟುಡಿಯೋ ಇಲ್ಲ. ಕಂಪನಿ ಇಲ್ಲ. ದಿನದ ಲೆಕ್ಕದಲ್ಲಿ ಪೇಮೆಂಟು, ಅದೂ ಕೈಗೆ ಬರೋದು ಎಷ್ಟೋ ತಿಂಗಳು ಬಿಟ್ಟು. ಆಫೀಸ್‌ನಲ್ಲಿ ಕೆಲಸ ಮಾಡೋ ನನ್ನಂಥೋಳಿಗೆ 2017ರಲ್ಲಿ ಕಾನೂನು ತಿದ್ದುಪಡಿ ಆದ್ಮೇಲೆ 26 ವಾರ ಸಂಬಳ ಸಮೇತ ಹೆರಿಗೆ ರಜೆ ಇದೆ, ನನ್ನ ಕುರ್ಚಿ ನನಗೇ ಇರತ್ತೆ. ರಾತ್ರಿ ನನ್ನ ನಗಿಸೋ ಅಳಿಸೋ ಹುಡುಗಿಗೆ ಇವತ್ತು ಶೂಟಿಂಗ್ ಇಲ್ಲಾಂದ್ರೆ ಇವತ್ತು ದುಡ್ಡಿಲ್ಲ, ಅದಕ್ಕೇ ಅವಳು ಹೇಳೋಕೆ ಹೆದರ್ತಾಳೆ, ಆದಷ್ಟು ದಿನ ಮುಚ್ಚಿಡ್ತಾಳೆ, ಮುಚ್ಚಿಟ್ಟಿದ್ದು ಕೊನೇ ಘಳಿಗೇಲಿ ಗೊತ್ತಾಗಿ ನಿಮಗೂ ತಲೆನೋವು. ನಿಮ್ಮ ಅರ್ಜೆಂಟಿಗೆ ಅರ್ಧ ಕಾರಣ ಅವಳ ಭಯ, ಅವಳ ಭಯಕ್ಕೆ ಕಾರಣ ನೀವು.

ಹಾಲಿವುಡ್ ಅಂದ ತಕ್ಷಣ ಅಲ್ಲಿ ಎಲ್ಲಾ ಸರಿ ಇದೆ ಅಂತಲೂ ಅಲ್ಲ. ಲೂಸಿಲ್ ಆಗಿ ನಲವತ್ತು ವರ್ಷ ಆದ್ಮೇಲೂ ಹಂಟರ್ ಟೈಲೋ ಅನ್ನೋ ನಟಿನ ಬಸರಿ ಅಂತ ಒಂದು ಸೀರಿಯಲ್‌ನಿಂದ ತೆಗೆದ್ರು, ಅವಳು ಕೋರ್ಟಿಗೆ ಹೋದ್ಲು, 1997ರಲ್ಲಿ ಜ್ಯೂರಿ ಸುಮಾರು 49 ಲಕ್ಷ ಡಾಲರ್ ಪರಿಹಾರ ಕೊಡಿ ಅಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ 'ಫ್ರೆಂಡ್ಸ್' ಸಿಟ್‌ಕಾಮ್‌ನಲ್ಲಿ ಫೀಬಿ ಪಾತ್ರದ ಲೀಸಾ ಕುಡ್ರೊ ನಿಜವಾಗ್ಲೂ ಬಸರಿ ಆದಾಗ ಏನ್ ಮಾಡಿದ್ರು ನೆನಪಿದ್ಯಾ, ಫೀಬಿ ಬಾಡಿಗೆ ತಾಯಿಯಾಗಿ ತಮ್ಮನ ಮೂರು ಮಕ್ಕಳನ್ನ ಹೊತ್ತು ಹೆರೋ ಕಥೆ ಬರೆದ್ರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಆ ಸಂಚಿಕೆಗಳು ಬಾಯಿಪಾಠ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಸೇರಿಸಿ, ನಟಿ ಬಸರಿ ಅಂತ ಹೇಳಿದ್ರೆ ಪಾತ್ರ ಅವಳದ್ದೇ, ಬಾಣಂತನ ಮುಗಿಸಿ ಬಂದ್ಮೇಲೂ ಅವಳದ್ದೇ, ಬರೋದು ಬಿಡೋದು ಅವಳಿಷ್ಟ. ರಜೇಲಿ ಪೂರ್ತಿ ಪೇಮೆಂಟ್ ಆಗಲ್ಲ ಅಂದ್ರೆ ಅರ್ಧನಾದ್ರೂ ಕೊಡಿ, ರಿಪೀಟ್ ಟೆಲಿಕಾಸ್ಟ್, ಯೂಟ್ಯೂಬ್ ಕ್ಲಿಪ್ ಅಂತ ಅವಳ ಮುಖದಿಂದ ನಿಮಗೆ ಆ ತಿಂಗಳೂ ದುಡ್ಡು ಬರ್ತಾನೇ ಇರತ್ತಲ್ಲ. ಸೆಟ್‌ನಲ್ಲಿ ಕೂರೋಕೆ ಒಂದು ಕುರ್ಚಿ, ಹೋಗೋಕೆ ಒಂದು ನೆಟ್ಟಗಿರೋ ಟಾಯ್ಲೆಟ್ಟು, ರಾತ್ರಿ ಹತ್ತರ ಮೇಲೆ ಶೂಟಿಂಗ್ ಇಲ್ಲ, ಮಳೇಲಿ ಓಡೋ ಸೀನ್ ಇಲ್ಲ. ಮತ್ತೆ ರೈಟರ್‌ಗಳೇ, ನಿಮಗೆ ಪ್ರತ್ಯೇಕವಾಗಿ, ದಯವಿಟ್ಟು ಆ ಮೆಟ್ಟಿಲು, ಆ ಎಣ್ಣೆ ಬಿಟ್ಬಿಡಿ. ನಿಜವಾಗ್ಲೂ ಬಸರಿಯಾಗಿರೋ ಹುಡುಗಿಗೆ ದಿನಾ ಗರ್ಭ ಹೋಗೋ ಸೀನ್ ಮಾಡಿಸೋದು ಪಾಪ ಕಣ್ರೀ.

ಯಾರಾದ್ರೂ ಒಬ್ಬ ಪ್ರೊಡ್ಯೂಸರ್ ಶುರು ಮಾಡಿ. ನಮ್ಮ ಹೀರೋಯಿನ್ ನಿಜವಾಗ್ಲೂ ತಾಯಿ ಆಗ್ತಿದಾರೆ, ಕಥೇಲೂ ಆಗ್ತಾರೆ, ಹೋಗಿ ವಾಪಸ್ ಬರ್ತಾರೆ ಅಂತ ಒಂದು ಪ್ರೋಮೋ ಬಿಡಿ ನೋಡೋಣ. ನಮ್ಮಮ್ಮನ ಫ್ಯಾಮಿಲಿ ಗ್ರೂಪ್‌ನಲ್ಲಿರೋ ದೊಡ್ಡಮ್ಮ ಚಿಕ್ಕಮ್ಮಂದಿರೆಲ್ಲ ಆ ಟೈಮಿಗೆ ಅಡುಗೆ ಮುಗಿಸಿ ಕೂರೋ ಹಂಗೆ ಮಾಡೋ ಜವಾಬ್ದಾರಿ ನಂದು.

ಇಂತಿ,
ದಿನಾ ಬೈಕೊಂಡೂ ನೋಡೋ ಒಬ್ಬ ವೀಕ್ಷಕಿ